ಇಳಿಯುತ್ತ ಬಂದ ಬೇಲಿ: ನಾಯಿಗಳ ಅಜಿಲಿಟಿ ಆಟ ಮತ್ತು ಮರಿಗಳ ತರಬೇತಿಯ ಇತಿಹಾಸ

ನಾಯಿಗಳ ಅಜಿಲಿಟಿ ಸ್ಪರ್ಧೆ ಹುಟ್ಟಿದ್ದು ಕಾರ್ಯಕ್ರಮದ ನಡುವಿನ ಬಿಡುವು ತುಂಬಲು. 1978ರ ಫೆಬ್ರವರಿಯಲ್ಲಿ ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ಕ್ರಫ್ಟ್ಸ್ ಶ್ವಾನ ಪ್ರದರ್ಶನ ನಡೆಯಿತು. ಮುಖ್ಯ ಅಂಗಳದಲ್ಲಿ ವಿಧೇಯತೆಯ ಸ್ಪರ್ಧೆ ಮುಗಿದು ತಳಿಗಳ ಗುಂಪುವಾರು ತೀರ್ಪು ಶುರುವಾಗುವ ತನಕ ಪ್ರೇಕ್ಷಕರನ್ನು ಎದ್ದುಹೋಗದಂತೆ ಕೂರಿಸುವ ಹೊಣೆ ಪ್ರದರ್ಶನ ಸಮಿತಿಯ ಜಾನ್ ವಾರ್ಲಿ ಅವರದಾಗಿತ್ತು. ಕುದುರೆ ಜಿಗಿತದ ಆಟ ಚೆನ್ನಾಗಿ ಬಲ್ಲ ವಾರ್ಲಿ, ಅದನ್ನೇ ನಾಯಿಗಳಿಂದ ಆಡಿಸಿದರೆ ಹೇಗೆ ಎಂದು ಯೋಚಿಸಿ, ಲಿಂಕನ್‌ಷೈರಿನ ತರಬೇತುದಾರ ಪೀಟರ್ ಮೀನ್‌ವೆಲ್ ಅವರ ಕೈಗೆ ಕೆಲಸ ಒಪ್ಪಿಸಿದರು. ಮೀನ್‌ವೆಲ್ ಅಡೆತಡೆಗಳನ್ನು ರೂಪಿಸಿದರು. ತಲಾ ನಾಲ್ಕು ನಾಯಿಗಳ ಎರಡು ತಂಡಗಳು ಅಂಗಳಕ್ಕಿಳಿದವು. ಬಿಡುವಿಗೆಂದು ಇಟ್ಟ ಆಟವೇ ಜನರ ಬಾಯಲ್ಲಿ ಉಳಿಯಿತು.

ಆಟ ಹೊಸದಾದರೂ ಅದರ ಸರಕೆಲ್ಲ ಹಳೆಯದು. ಅಡ್ಡಪಟ್ಟಿ ಬಿದ್ದರೆ ತಪ್ಪು, ಅಡೆತಡೆಯ ಮುಂದೆ ಬಂದು ಹಿಂಜರಿದರೆ ತಪ್ಪು, ಗೊತ್ತುಪಡಿಸಿದ ಸಮಯ ಮೀರಿದರೆ ತಪ್ಪು, ತಪ್ಪಿಲ್ಲದವರಲ್ಲಿ ಬೇಗ ಮುಗಿಸಿದವರಿಗೆ ಗೆಲುವು: ಈ ಲೆಕ್ಕಾಚಾರ ಹೆಚ್ಚುಕಡಿಮೆ ಹಾಗೆಯೇ ಕುದುರೆ ಅಂಗಳದಿಂದ ಬಂತು. ಸ್ಪರ್ಧೆಗೆ ಮುಂಚೆ ಸವಾರರು ಕುದುರೆಯಿಲ್ಲದೆ ದಾರಿಯಲ್ಲಿ ನಡೆದು ಹೆಜ್ಜೆ ಎಣಿಸುವ ರೂಢಿಯೂ ಬಂತು. ಅಜಿಲಿಟಿಯಲ್ಲಿ ಇಂದಿಗೂ ಒಡೆಯರು ಖಾಲಿ ಕೈಯಲ್ಲಿ ದಾರಿ ನಡೆದು ನೋಡುತ್ತಾರೆ. ನಾಯಿ ಮಾತ್ರ ಆ ದಾರಿಯನ್ನು ಮೊದಲ ಸಲ ಕಾಣುವುದು ಓಡುವಾಗಲೇ. ಇನ್ನೊಂದು ಮೂಲ ‘ವರ್ಕಿಂಗ್ ಟ್ರಯಲ್ಸ್’. ಪೊಲೀಸ್ ನಾಯಿಗಳ ಕೆಲಸದ ಮಾದರಿಯಲ್ಲಿ ಬ್ರಿಟನ್ನಿನಲ್ಲಿ ನಡೆಯುತ್ತಿದ್ದ ಈ ಪರೀಕ್ಷೆಗಳಲ್ಲಿ ನಾಯಿ 3 ಅಡಿ ಎತ್ತರದ ಬೇಲಿ ಹಾರಬೇಕು, 9 ಅಡಿ ಉದ್ದ ಜಿಗಿಯಬೇಕು, 6 ಅಡಿಯ ಹಲಗೆಗೋಡೆ ಹತ್ತಿ ಇಳಿಯಬೇಕು. ಮೀನ್‌ವೆಲ್ ಪಳಗಿದ್ದು ಈ ಗರಡಿಯಲ್ಲೇ. ಬ್ರಿಟಿಷ್ ವಾಯುಪಡೆಯ ಪೊಲೀಸ್ ನಾಯಿಗಳ ತಂಡ ಮೇಳಗಳಲ್ಲಿ ಇಂಥ ಪ್ರದರ್ಶನ ನೀಡುತ್ತಿದ್ದುದರಿಂದ ನೋಡುವವರಿಗೂ ಇದು ತೀರ ಅಪರಿಚಿತವಾಗಿರಲಿಲ್ಲ. ನಮ್ಮಲ್ಲಿ ಕವಾಯತು ಮೈದಾನದಲ್ಲಿ ಪೊಲೀಸ್ ನಾಯಿ ಬಳೆಯೊಳಗಿಂದ ತೂರುವುದನ್ನು ನೋಡಿದವರಿಗೆ ಆ ನೋಟ ಹೊಳೆಯುತ್ತದೆ. ಆದರೆ ಸೇನೆಯ ಪ್ರದರ್ಶನದಲ್ಲಿ ಇರುವುದು ಆಜ್ಞೆ, ಪಾಲನೆ. ವಾರ್ಲಿ ಅದಕ್ಕೆ ಗಡಿಯಾರ ಸೇರಿಸಿದರು. ಆಟವಾದದ್ದು ಅಲ್ಲಿ.

1979ರ ಡಿಸೆಂಬರಿನಲ್ಲಿ ಅದೇ ಒಲಿಂಪಿಯಾದ ಅಂತರರಾಷ್ಟ್ರೀಯ ಕುದುರೆ ಪ್ರದರ್ಶನದಲ್ಲಿ ಹಲವು ತರಬೇತಿ ಕ್ಲಬ್ಬುಗಳು ಸೇರಿ ಸ್ಪರ್ಧೆ ನಡೆಸಿದವು. ಮರುವರ್ಷ, 1980ರಲ್ಲಿ, 1873ರಷ್ಟು ಹಳೆಯ ಸಂಸ್ಥೆಯಾದ ಕೆನೆಲ್ ಕ್ಲಬ್ ನಿಯಮಾವಳಿ ಬರೆದು ಆಟಕ್ಕೆ ಮನ್ನಣೆ ಕೊಟ್ಟಿತು. ಶುದ್ಧ ತಳಿಯ ವಂಶಾವಳಿಯನ್ನು ಕಾಯುವುದೇ ಕಸುಬಾಗಿದ್ದ ಸಂಸ್ಥೆ, ಬೆರಕೆ ನಾಯಿಯೂ ಆಡಬಹುದಾದ ಆಟಕ್ಕೆ ಮೊದಲ ರುಜು ಹಾಕಿತು. 1986ರಲ್ಲಿ ಕೆನೆತ್ ಟ್ಯಾಚ್ ಅಮೆರಿಕದಲ್ಲಿ ಯು.ಎಸ್.ಡಿ.ಎ.ಎ. ಸಂಸ್ಥೆ ಕಟ್ಟಿದರು, ಅಲ್ಲಿನ ದೊಡ್ಡ ಸಂಸ್ಥೆಯಾದ ಅಮೆರಿಕನ್ ಕೆನೆಲ್ ಕ್ಲಬ್ ಅಂಗಳಕ್ಕಿಳಿಯುವಾಗ 1994 ಆಗಿತ್ತು. 1996ರಲ್ಲಿ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್.ಸಿ.ಐ. ಸ್ವಿಟ್ಜರ್ಲೆಂಡಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ಹದಿನೆಂಟು ವರ್ಷಗಳಲ್ಲಿ ಬಿಡುವಿನ ರಂಜನೆ ವಿಶ್ವಪ್ರಶಸ್ತಿಯ ತನಕ ಬಂದಿತ್ತು.

ಈ ಹರಡುವಿಕೆಗಿಂತ ಕುತೂಹಲದ್ದು ಅಡೆತಡೆಗಳ ಚರಿತ್ರೆ. ಮೊದಲ ದಿನಗಳಲ್ಲಿ ಬ್ರಿಟನ್ನಿನ ದೊಡ್ಡ ನಾಯಿಗಳು ಹಾರಬೇಕಿದ್ದ ಬೇಲಿ 30 ಅಂಗುಲ, ಅಂದರೆ ಸುಮಾರು 76 ಸೆಂಟಿಮೀಟರ್. ಎರಡು ಅಗಲ ಹಲಗೆಗಳನ್ನು ಮನೆಯ ಮಾಡಿನಂತೆ ಆನಿಸಿ ನಿಲ್ಲಿಸಿದ ‘ಎ-ಫ್ರೇಮ್’ನ ತುದಿ 6 ಅಡಿ 3 ಅಂಗುಲದಷ್ಟು ಮೇಲಿತ್ತು. ಹಾರುವುದು ಎತ್ತರವಾದಷ್ಟೂ ನೋಡಲು ಚೆಂದ. ಆದರೆ ಹಾರಿದ ನಾಯಿ ಇಳಿಯುವಾಗ ಮೈಭಾರವೆಲ್ಲ ಮುಂಗಾಲಿನ ಮೇಲೆ, ಹೆಗಲಿನ ಮೇಲೆ ಬೀಳುತ್ತದೆ. ಒಂದು ಓಟದಲ್ಲಿ ಹದಿನೈದು ಇಪ್ಪತ್ತು ಸಲ, ಅಭ್ಯಾಸದಲ್ಲಿ ಅದರ ಹಲವು ಪಟ್ಟು. ಕೆಲವು ನಿಮಿಷದ ರಂಜನೆಗೆ ಸರಿಯಿದ್ದ ಎತ್ತರ ವರ್ಷಗಟ್ಟಲೆ ಆಡುವ ನಾಯಿಗೆ ಭಾರವಾಯಿತು. ಬ್ರಿಟನ್ನಿನಲ್ಲಿ ದೊಡ್ಡ ನಾಯಿಗಳ ಬೇಲಿ ಮುಂದೆ 65 ಸೆಂ.ಮೀ.ಗೆ ಇಳಿಯಿತು, 2020ರಿಂದ 60ಕ್ಕೆ ನಿಂತಿದೆ. ಎಫ್.ಸಿ.ಐ. ಪ್ರಕಾರ ಎ-ಫ್ರೇಮಿನ ತುದಿ ಈಗ 1.70 ಮೀಟರ್.

ಉಳಿದ ಸಲಕರಣೆಗಳೂ ಒಂದೊಂದು ಪೆಟ್ಟು ತಿಂದ ಮೇಲೆ ಬದಲಾದವು. ನುಣುಪು ಮರದ ಹಲಗೆಗೆ ಮರಳು ಬೆರೆಸಿ ಬಣ್ಣ ಬಳಿಯುತ್ತಿದ್ದರು; ಮಳೆ ಬಿದ್ದರೆ ಅದೂ ಜಾರುತ್ತಿತ್ತು. ಈಗ ರಬ್ಬರಿನ ಹೊದಿಕೆ ಬಂದಿದೆ. ನಾಯಿ ತೂರಿ ಹಾರಲೆಂದು ಗಟ್ಟಿ ಚೌಕಟ್ಟಿಗೆ ಕಟ್ಟಿದ ಟೈರಿನ ಬದಲು, ನಾಯಿ ಡಿಕ್ಕಿ ಹೊಡೆದರೆ ಬಿಚ್ಚಿಕೊಳ್ಳುವ ಟೈರ್ ಬಂತು. ನಾಯಿ ಹೆಣೆಯುತ್ತ ಸಾಗುವ ಸಾಲುಕಂಬಗಳ ನಡುವಿನ ಅಂತರ ಹಿಂದೆ 20 ಅಂಗುಲದ ಆಸುಪಾಸಿನಲ್ಲಿತ್ತು. ಓಡುವ ನಾಯಿಯ ಬೆನ್ನು ಅಷ್ಟು ಇಕ್ಕಟ್ಟಿನಲ್ಲಿ ಹಾವಿನಂತೆ ಹೊರಳಬೇಕಿತ್ತು. ಅದು 60 ಸೆಂ.ಮೀ.ಗೆ ಅಗಲವಾಯಿತು. ಬಾಯಿ ಮಾತ್ರ ಗಟ್ಟಿಯಾಗಿದ್ದು ಉಳಿದುದೆಲ್ಲ ನೆಲಕ್ಕೆ ಬಿದ್ದ ಬಟ್ಟೆಯ ಚೀಲವಾಗಿದ್ದ ‘ಬಟ್ಟೆ ಸುರಂಗ’ವಂತೂ ಹೊರಟೇಹೋಯಿತು: ವೇಗ ಹೆಚ್ಚಿದಂತೆ ನಾಯಿಗಳು ಅದರೊಳಗೆ ಕಣ್ಣು ಕಾಣದೆ ಸಿಕ್ಕಿಕೊಳ್ಳತೊಡಗಿದ್ದರಿಂದ 2016ರಲ್ಲಿ ಅಮೆರಿಕನ್ ಕೆನೆಲ್ ಕ್ಲಬ್ ಅದನ್ನು ಕೈಬಿಟ್ಟಿತು, ಬೇರೆಯವರೂ ಅದೇ ಹಾದಿ ಹಿಡಿದರು. ಮೊದಲ ಪ್ರದರ್ಶನದ ಪ್ರೇಕ್ಷಕರು ಇಂದಿನ ಅಂಗಳ ನೋಡಿದರೆ ಎಲ್ಲವೂ ತಗ್ಗಾಗಿದೆ, ಸಡಿಲವಾಗಿದೆ ಎಂದು ಮೂಗು ಮುರಿದಾರು. ಆದರೆ ಅಂದಿನ ನಾಯಿಗಳು ಇಂದಿನ ವೇಗದಲ್ಲಿ ಓಡುತ್ತಿರಲಿಲ್ಲ.

ಬೇಲಿ ಇಳಿಯುತ್ತಿದ್ದ ಕಾಲದಲ್ಲೇ ತರಬೇತಿ ಆರಂಭಿಸುವ ವಯಸ್ಸೂ ಇಳಿಯಿತು. ಇಪ್ಪತ್ತನೆಯ ಶತಮಾನದ ಮೊದಲರ್ಧದ ತರಬೇತಿಗೆ ಅಡಿಪಾಯ ಹಾಕಿದ್ದು ಜರ್ಮನ್ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಕೈಪಿಡಿ; ಬಲವಂತವೇ ಅದರ ಬೆನ್ನೆಲುಬು. 1962ರಲ್ಲಿ ಬಂದ ಅಮೆರಿಕದ ವಿಲಿಯಂ ಕೋಲರ್ ಅವರ ಪುಸ್ತಕದ ಜಾಡೂ ಅದೇ, ಕತ್ತು ಬಿಗಿಯುವ ಸರಪಳಿಯ ಜಾಡು. ಸರಪಳಿಯ ಎಳೆತ ತಾಳಲು ನಾಯಿ ಬಲಿತಿರಬೇಕಾದ್ದರಿಂದ, ಆರು ತಿಂಗಳು ತುಂಬುವ ತನಕ ಮರಿಗೆ ಪಾಠವಿಲ್ಲ ಎಂಬುದು ರೂಢಿಯ ಮಾತಾಯಿತು. ಮರಿಗೆ ಕಲಿಯಲು ಬಾರದು ಎಂದಲ್ಲ, ಕಲಿಸುವ ವಿಧಾನವನ್ನು ಮರಿ ತಾಳಲಾರದು ಎಂದು ಈ ನಿಯಮವನ್ನು ಓದಿಕೊಳ್ಳಬೇಕು.

ಅದನ್ನು ಮುರಿದದ್ದು ಪ್ರಯೋಗಾಲಯ. ಅಮೆರಿಕದ ಮೈನ್ ರಾಜ್ಯದ ಬಾರ್ ಹಾರ್ಬರಿನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಗಳ ಮರಿಗಳನ್ನು ವರ್ಷಗಟ್ಟಲೆ ಬೆಳೆಸಿ, ನೋಡಿ, 1965ರಲ್ಲಿ ಪುಸ್ತಕ ಪ್ರಕಟಿಸಿದರು. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದ ತನಕ ಮರಿಯ ಮನಸ್ಸು ತೆರೆದಿರುತ್ತದೆ, ಆಗ ಕಂಡ ಜನ, ಜೀವಿ, ಸದ್ದುಗಳನ್ನು ಅದು ತನ್ನವೆಂದು ಒಪ್ಪಿಕೊಳ್ಳುತ್ತದೆ ಎಂಬುದು ಅವರ ಮುಖ್ಯ ಮಾತು. ಅದೇ ಬಳಗದ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ 1961ರಲ್ಲಿ ಇನ್ನೂ ಕಟುವಾದ ಪ್ರಯೋಗವೊಂದನ್ನು ವರದಿ ಮಾಡಿದ್ದರು: ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ಹದಿನಾಲ್ಕು ವಾರ ಮನುಷ್ಯರ ಒಡನಾಟವಿಲ್ಲದೆ ಬೆಳೆದ ಮರಿಗಳು ಕಾಡುಪ್ರಾಣಿಗಳಂತೆ ಹತ್ತಿರ ಸೇರದಾದವು. ಆರು ತಿಂಗಳು ಕಾಯುವವರು ಆ ಹೊತ್ತಿಗೆ ಮುಖ್ಯವಾದ ಗಳಿಗೆಯನ್ನೇ ಕಳೆದುಕೊಂಡಿರುತ್ತಿದ್ದರು.

ಇದನ್ನು ಮೊದಲು ಬಳಸಿಕೊಂಡವರು ಆಟಗಾರರಲ್ಲ, ಅಂಧರಿಗೆ ದಾರಿ ತೋರುವ ನಾಯಿಗಳನ್ನು ಸಿದ್ಧಪಡಿಸುವವರು. ಕ್ಯಾಲಿಫೋರ್ನಿಯಾದ ಕ್ಲಾರೆನ್ಸ್ ಫಾಫೆನ್‌ಬರ್ಗರ್, ಸ್ಕಾಟ್ ಅವರ ಸಲಹೆ ಪಡೆದು ಎಳೆಯ ಮರಿಗಳನ್ನು ಪರೀಕ್ಷಿಸಿ ಆರಿಸುವ, ಬಳಿಕ ಸಾಮಾನ್ಯ ಕುಟುಂಬಗಳ ಮನೆಯಲ್ಲಿ ಬೆಳೆಸುವ ಪದ್ಧತಿಯನ್ನು ಗಟ್ಟಿ ಮಾಡಿದರು. ಆದರೆ ಮನೆಮನೆಯ ಮರಿಗಳ ತನಕ ಈ ತಿಳಿವು ಹರಿಯುವ ಹೊತ್ತಿಗೆ ಒಂದು ರೋಗ ಅಡ್ಡ ಬಂತು. ಪಾರ್ವೊ ವೈರಸ್ ನಾಯಿಗಳಲ್ಲಿ ಕಾಣಿಸಿಕೊಂಡು ಲೋಕವೆಲ್ಲ ಹಬ್ಬತೊಡಗಿದ್ದು ಅಜಿಲಿಟಿ ಹುಟ್ಟಿದ 1978ರಲ್ಲೇ. ಎಲ್ಲ ಲಸಿಕೆ ಮುಗಿಯುವ ತನಕ ಮರಿಯನ್ನು ಹೊಸ್ತಿಲು ದಾಟಿಸಬೇಡಿ ಎಂದು ಪಶುವೈದ್ಯರು ಹೇಳಿದರು. ಲಸಿಕೆ ಮುಗಿಯುವಷ್ಟರಲ್ಲಿ ಹನ್ನೆರಡು ವಾರದ ಬಾಗಿಲು ಮುಚ್ಚಿಹೋಗುತ್ತಿತ್ತು. ಈ ಇಬ್ಬಂದಿ ದಶಕಗಟ್ಟಲೆ ಉಳಿಯಿತು. ಅಮೆರಿಕದ ಪಶುವೈದ್ಯಕೀಯ ನಡವಳಿಕೆ ತಜ್ಞರ ಸಂಘ 2008ರಲ್ಲಿ ರಾಜಿಮಾರ್ಗ ಹೇಳಿತು: ಮೊದಲ ಲಸಿಕೆ ಕೊಟ್ಟು ಏಳು ದಿನ ಕಳೆದಿದ್ದರೆ ಏಳೆಂಟು ವಾರದ ಮರಿಯನ್ನೂ ತರಗತಿಗೆ ಸೇರಿಸಬಹುದು.

ಅಂಥ ತರಗತಿಗಳು ಅದಕ್ಕೂ ಮುಂಚೆಯೇ ಇದ್ದವು. ಇಂಗ್ಲೆಂಡಿನಲ್ಲಿ ಓದಿದ ಪಶುವೈದ್ಯ ಇಯಾನ್ ಡನ್‌ಬಾರ್ 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಗ್ಗ ಬಿಚ್ಚಿ ಮರಿಗಳನ್ನು ಆಡಲು ಬಿಟ್ಟು ಕಲಿಸುವ ಶಾಲೆ ತೆರೆದರು. ಸರಪಳಿಯ ಜಾಗಕ್ಕೆ ತಿನಿಸು ಬಂತು. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಅವರ ಶಿಷ್ಯರಾದ ಕೆಲ್ಲರ್ ಮತ್ತು ಮರಿಯನ್ ಬ್ರೆಲಾಂಡ್ ದಂಪತಿ 1940ರ ದಶಕದಲ್ಲೇ ಸದ್ದೊಂದನ್ನು ಬಹುಮಾನದ ಸೂಚನೆಯಾಗಿ ಬಳಸಿ ಪ್ರಾಣಿಗಳನ್ನು ಪಳಗಿಸಿದ್ದರು. ಡಾಲ್ಫಿನ್ ತರಬೇತುದಾರರಾಗಿದ್ದ ಕರೆನ್ ಪ್ರಯರ್ 1984ರ ತಮ್ಮ ಪುಸ್ತಕದ ಮೂಲಕ ಆ ವಿಚಾರವನ್ನು ಜನರಿಗೆ ಮುಟ್ಟಿಸಿದರು. ‘ಟಿಕ್’ ಎನ್ನುವ ಕ್ಲಿಕ್ಕರ್ ನಾಯಿ ತರಬೇತುದಾರರ ಕೈಗೆ ಬಂದದ್ದು ಆಮೇಲೆ. ಅಜಿಲಿಟಿಗೆ ಇದು ಹೇಳಿಮಾಡಿಸಿದಂತಿತ್ತು: ಹತ್ತು ಹೆಜ್ಜೆ ಮುಂದೆ ಓಡುವ ನಾಯಿಯನ್ನು ಹಗ್ಗ ಎಳೆದು ತಿದ್ದುವ ಹಾಗಿಲ್ಲ, ಹೆದರಿದ ನಾಯಿ ವೇಗವಾಗಿ ಓಡುವುದೂ ಇಲ್ಲ.

ಹೀಗೆ ಇಳಿದ ಬೇಲಿ, ಇಳಿದ ವಯಸ್ಸು ಎಂಬ ಎರಡು ಧಾರೆ ಸೇರಿ ಇಂದಿನ ಅಜಿಲಿಟಿ ಮರಿಯ ಪಾಲನೆ ರೂಪುಗೊಂಡಿತು. ಅದರಲ್ಲಿ ಬೇಲಿ ಎಂಬುದೇ ಇರುವುದಿಲ್ಲ. ನಾಯಿಯ ಎಲುಬಿನ ತುದಿಯ ಬೆಳವಣಿಗೆಯ ಪಟ್ಟಿಗಳು ಮೃದುವಾಗಿದ್ದು, ತಳಿಗೆ ತಕ್ಕಂತೆ ಒಂದು ವರ್ಷದ ಹಿಂದೆ ಮುಂದೆ ಗಟ್ಟಿಯಾಗುತ್ತವೆ. ಭಾರಿ ಮೈಕಟ್ಟಿನ ನಾಯಿಗಳಲ್ಲಿ ಇನ್ನೂ ತಡ. ಅಲ್ಲಿಯವರೆಗೆ ಎತ್ತರದ ಜಿಗಿತ, ಸಾಲುಕಂಬದ ಹೊರಳಾಟ ಎರಡೂ ಬೇಡ. ಎಂಟು ವಾರದ ಮರಿ ಕಲಿಯುವುದು ಹೆಸರು ಕೂಗಿದರೆ ಓಡಿಬರುವುದನ್ನು, ಹಗ್ಗದ ಆಟಿಕೆಯನ್ನು ಜಗ್ಗಾಡಿ ಹೇಳಿದಾಗ ಬಿಡುವುದನ್ನು, ಒಡೆಯ ತಿರುಗಿದತ್ತ ತಿರುಗುವುದನ್ನು. ನೆಲದ ಮೇಲೆ ಮಲಗಿಸಿದ ಏಣಿಯ ಮೆಟ್ಟಿಲುಗಳ ನಡುವೆ ನಡೆಸುತ್ತಾರೆ, ತನಗೆ ಹಿಂಗಾಲುಗಳೂ ಇವೆಯೆಂದು ಅದಕ್ಕೆ ಗೊತ್ತಾಗಲೆಂದು. ಅಡಿಯಲ್ಲಿ ಚೆಂಡಿಟ್ಟ ಅಲುಗಾಡುವ ಹಲಗೆಯ ಮೇಲೆ ಕಾಲಿಟ್ಟರೆ ತಿನಿಸು. ಮುಂದೆ ಸೀಸಾ ಹಲಗೆ ಧಡ್ಡನೆ ನೆಲಕ್ಕೆ ಬಡಿದಾಗ ಬೆಚ್ಚದಿರಲು ಇದೇ ತಯಾರಿ. ಗಿಡ್ಡ, ನೇರ ಸುರಂಗ ಮಾತ್ರ ಮೊದಲಿಗೇ ಸಿಗುತ್ತದೆ. ಮರಿಗಳಿಗೆ ಅದು ಪಾಠವಲ್ಲ, ಬಿಲ. ಅಡ್ಡಪಟ್ಟಿಗಳನ್ನು ನೆಲದ ಮೇಲಿಟ್ಟು ದಾಟಿಸುತ್ತಾ, ತಿಂಗಳುಗಳ ಮೇಲೆ ಕಾಲಿನ ಗೆಣ್ಣಿನಷ್ಟು ಎತ್ತರಿಸುತ್ತಾರೆ. ಸ್ಪರ್ಧೆಯ ಕಣಕ್ಕೆ ಎಫ್.ಸಿ.ಐ. ಮತ್ತು ಬ್ರಿಟನ್ನಿನ ನಿಯಮದಂತೆ 18 ತಿಂಗಳು ತುಂಬಿರಬೇಕು. ಅಮೆರಿಕನ್ ಕೆನೆಲ್ ಕ್ಲಬ್ 15 ತಿಂಗಳಿಗೆ ಬಿಡುತ್ತದೆ.

ಬಲಿತ ಮೇಲಿನ ಪಾಠಗಳಲ್ಲಿ ಹೆಚ್ಚು ವಾದ ನಡೆದದ್ದು ಎರಡರ ಸುತ್ತ. ಒಂದು, ಹಲಗೆ ಇಳಿಯುವ ಬಗೆ. ಎತ್ತರದ ಹಲಗೆಗಳ ಎರಡೂ ತುದಿಗಳಿಗೆ ಬೇರೆ ಬಣ್ಣ ಬಳಿದಿರುತ್ತದೆ. ನಾಯಿ ಅಲ್ಲಿ ಕಾಲಿಡದೆ ಹಾರಿದರೆ ತಪ್ಪು. ಮೇಲಿನಿಂದ ಧುಮುಕಿ ಕಾಲು ಮುರಿದುಕೊಳ್ಳದಿರಲೆಂದು ಮಾಡಿದ ನಿಯಮವಿದು. ಹಿಂಗಾಲು ಹಲಗೆಯ ಮೇಲೆ, ಮುಂಗಾಲು ನೆಲದ ಮೇಲೆ ಇಟ್ಟು ನಿಲ್ಲಿಸುವುದು ಹಳೆಯ ಉಪಾಯ. ಆದರೆ ನಿಂತರೆ ಸೆಕೆಂಡು ಹೋಗುತ್ತದೆ, ಥಟ್ಟನೆ ತಡೆದರೆ ಹೆಗಲಿಗೂ ಪೆಟ್ಟು. ನಿಲ್ಲದೆ ಓಡುತ್ತಲೇ ಬಣ್ಣದ ಪಟ್ಟಿ ತುಳಿಯುವಂತೆ, ನೆಲಕ್ಕೆ ಹಾಕಿದ ಹಲಗೆಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಏರಿಸುತ್ತ ಕಲಿಸುವ ಕ್ರಮವನ್ನು ಸ್ಲೊವೇನಿಯಾದ ಸಿಲ್ವಿಯಾ ಟರ್ಕ್‌ಮನ್ ಜನಪ್ರಿಯಗೊಳಿಸಿದರು. ಇನ್ನೊಂದು ಸಾಲುಕಂಬ. ಜಿಗಿಯುವುದು, ಹತ್ತುವುದು, ತೂರುವುದು ನಾಯಿಗೆ ಹುಟ್ಟುಗುಣ. ಹನ್ನೆರಡು ಕಂಬಗಳ ನಡುವೆ, ಮೊದಲನೆಯದನ್ನು ಎಡಹೆಗಲಿಗೆ ಬಿಟ್ಟು, ಒಂದನ್ನೂ ತಪ್ಪದೆ ಹೆಣೆಯುತ್ತ ಹೋಗುವುದು ಶುದ್ಧ ಮನುಷ್ಯರ ಹುಚ್ಚು. ಕಂಬಗಳನ್ನು ಎರಡು ಸಾಲಾಗಿಸಿ ನಡುವೆ ಓಡಿಸಿ, ದಿನೇ ದಿನೇ ಸಾಲುಗಳನ್ನು ಹತ್ತಿರ ತರುವುದು ಒಂದು ದಾರಿ. ಎರಡೇ ಕಂಬಗಳಿಂದ ಆರಂಭಿಸಿ ಎರಡೆರಡಾಗಿ ಕೂಡಿಸುವುದು ಕೆನಡಾದ ಸೂಸನ್ ಗ್ಯಾರೆಟ್ ಹೆಸರಿಗೆ ಅಂಟಿದ ಇನ್ನೊಂದು ದಾರಿ.

ಈ ಆಟದ ರಾಜತಳಿ ಬಾರ್ಡರ್ ಕೋಲಿ. ಸ್ಕಾಟ್ಲೆಂಡ್-ಇಂಗ್ಲೆಂಡ್ ಗಡಿಯ ಕುರಿಗಾಹಿಗಳ ಈ ನಾಯಿಗೆ ಒಡೆಯನ ಕಡೆ ಒಂದು ಕಿವಿ, ಕೆಲಸದ ಕಡೆ ಒಂದು ಕಣ್ಣು. ನಮ್ಮ ಮುಧೋಳ ನಾಯಿಯ ಬಲ ಬೇರೆ ಬಗೆಯದು: ಬಯಲಿನಲ್ಲಿ ಕಣ್ಣಿಗೆ ಬಿದ್ದ ಬೇಟೆಯ ಹಿಂದೆ ನೇರ ಓಡಲು ಆದ ಉದ್ದ ಮೈ ಅದರದು, ಹೆಜ್ಜೆಹೆಜ್ಜೆಗೂ ಒಡೆಯನ ಸನ್ನೆಗೆ ತಿರುಗುವ ಕೆಲಸಕ್ಕೆ ಯಾರೂ ಅದನ್ನು ಸಾಕಿದವರಲ್ಲ. ತಳಿಯ ಜೊತೆಗೆ ವಂಶಾವಳಿಯ ಪ್ರಶ್ನೆಯೂ ಇದೆ: ಎಫ್.ಸಿ.ಐ. ವಿಶ್ವ ಚಾಂಪಿಯನ್‌ಷಿಪ್ಪಿಗೆ ವಂಶಾವಳಿ ಇದ್ದ ನಾಯಿಗಳೇ ಬೇಕು. ಅಮೆರಿಕನ್ ಕೆನೆಲ್ ಕ್ಲಬ್ಬೂ ಹಾಗೆಯೇ ಇದ್ದು, 2010ರಲ್ಲಿ ಬೆರಕೆ ನಾಯಿಗಳಿಗೆ ಬಾಗಿಲು ತೆರೆಯಿತು. ನ್ಯೂಯಾರ್ಕಿನ ವೆಸ್ಟ್‌ಮಿನ್‌ಸ್ಟರ್ ಪ್ರದರ್ಶನ 2014ರಲ್ಲಿ ಅಜಿಲಿಟಿ ಸೇರಿಸಿಕೊಂಡಾಗ ಮೊದಲು ಗೆದ್ದದ್ದು ಬಾರ್ಡರ್ ಕೋಲಿಯೇ. ಹತ್ತು ವರ್ಷದ ಮೇಲೆ, 2024ರಲ್ಲಿ, ಬಾರ್ಡರ್ ಕೋಲಿ ಮತ್ತು ಪುಟ್ಟ ಪ್ಯಾಪಿಲಾನ್ ತಳಿಗಳ ಬೆರಕೆಯಾದ ನಿಂಬಲ್ ಎಂಬ ಹೆಣ್ಣುನಾಯಿ ಎಲ್ಲ ಎತ್ತರದವರನ್ನೂ ಹಿಂದಿಕ್ಕಿತು. ಆ ಪ್ರಶಸ್ತಿ ಪಡೆದ ಮೊದಲ ಬೆರಕೆ ನಾಯಿ ಅದು.

ಎತ್ತರದ ವರ್ಗಗಳ ತಕರಾರು ಮಾತ್ರ ಮುಗಿಯಲಿಲ್ಲ. ಎಫ್.ಸಿ.ಐ.ಯ ಹಿಂದಿನ ಲೆಕ್ಕದಲ್ಲಿ ಹೆಗಲ ಮಟ್ಟ 35 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಚಿಕ್ಕವು, 43ರ ತನಕ ಮಧ್ಯಮ, ಅದನ್ನು ಮೀರಿದ್ದೆಲ್ಲ ದೊಡ್ಡವು. 44 ಸೆಂ.ಮೀ. ಇರುವ ನಾಯಿ 60 ಸೆಂ.ಮೀ. ಇರುವ ನಾಯಿಯ ಸಮಕ್ಕೆ ಹಾರಬೇಕಿತ್ತು. 2023ರಿಂದ 43ರಿಂದ 48 ಸೆಂ.ಮೀ. ನಡುವಿನವುಗಳಿಗೆ ‘ಇಂಟರ್‌ಮೀಡಿಯೆಟ್’ ಎಂಬ ನಾಲ್ಕನೆಯ ವರ್ಗ ಬಂತು. ಅವುಗಳ ಬೇಲಿ ಈಗ 45ರಿಂದ 50 ಸೆಂ.ಮೀ.