ಎದೆಹಾಲು ಕುಡಿಯುವ ಕೂಸು ಮತ್ತು ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ

ತಾಯಿ ಸೇವಿಸಿದ ಹಾಲು, ಮೊಸರು, ಬೆಣ್ಣೆಗಳಲ್ಲಿನ ಪ್ರೋಟೀನ್ ಅತ್ಯಲ್ಪ ಪ್ರಮಾಣದಲ್ಲಿ ಎದೆಹಾಲಿಗೆ ಇಳಿಯುತ್ತದೆ. ಕೆಲವೇ ಕೂಸುಗಳಲ್ಲಿ ರೋಗನಿರೋಧಕ ವ್ಯವಸ್ಥೆ ಅದನ್ನು ಸಹಿಸದೆ ತಿರುಗಿಬೀಳುತ್ತದೆ. ಇಲ್ಲಿ ಬದಲಾಗಬೇಕಾದದ್ದು ತಾಯಿಯ ಊಟ. ಎದೆಹಾಲು ಬಿಡಿಸಬೇಕಾದ ಪ್ರಸಂಗ ಬರುವುದು ತೀರ ಅಪರೂಪ.

ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80 ಕೇಸೀನ್, ಉಳಿದದ್ದು ವೇ, ಅಂದರೆ ಒಡೆದ ಹಾಲಿನ ತಿಳಿನೀರಿನಲ್ಲಿ ಉಳಿಯುವ ಭಾಗ. ಈ ಎರಡನೆಯ ಗುಂಪಿನ ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್ ಮನುಷ್ಯರ ಹಾಲಿನಲ್ಲಿ ಇರುವುದೇ ಇಲ್ಲ. ಆದ್ದರಿಂದ ಎದೆಹಾಲಿನಲ್ಲಿ ಅದು ಕಂಡುಬಂದರೆ ತಾಯಿಯ ಆಹಾರದಿಂದಲೇ ಬಂದದ್ದು. ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ ಕೆಲವು ಮೈಕ್ರೋಗ್ರಾಂ ಮಾತ್ರ; ಹಾಲು ಕುಡಿಯುವ ಎಲ್ಲ ತಾಯಂದಿರಲ್ಲೂ ಅದು ಪತ್ತೆಯಾಗುವುದಿಲ್ಲ. ಈ ತೊಂದರೆಗೂ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಜೀರ್ಣವಾಗದಿರುವುದಕ್ಕೂ ಸಂಬಂಧವಿಲ್ಲ. ತಾಯಿ ಏನೇ ತಿಂದರೂ ಎದೆಹಾಲಿನಲ್ಲಿ ಲ್ಯಾಕ್ಟೋಸ್ ಇದ್ದೇ ಇರುತ್ತದೆ. ಲ್ಯಾಕ್ಟೋಸ್ ತೆಗೆದ ಹಾಲಿನಲ್ಲಿ ಪ್ರೋಟೀನ್ ಹಾಗೆಯೇ ಉಳಿಯುವುದರಿಂದ ತಾಯಿ ಅದನ್ನು ಕುಡಿದು ಪ್ರಯೋಜನವಿಲ್ಲ.

ತಾಯಿ ಕುಡಿದ ಹಸುವಿನ ಹಾಲಿಗೂ ಎದೆಹಾಲು ಕುಡಿಯುವ ಶಿಶುವಿನ ಅಳುವಿಗೂ ನಂಟಿರಬಹುದೆಂದು 1978ರಲ್ಲಿ ಸ್ವೀಡನ್ನಿನ ವೈದ್ಯರು ವರದಿ ಮಾಡಿದರು. ಡೆನ್ಮಾರ್ಕಿನ ಓಡೆನ್ಸೆಯಲ್ಲಿ 1985ರಲ್ಲಿ ಹುಟ್ಟಿದ 1,749 ಶಿಶುಗಳನ್ನು ಒಂದು ವರ್ಷ ಗಮನಿಸಿದಾಗ 39ರಲ್ಲಿ ಅಲರ್ಜಿ ಖಚಿತವಾಯಿತು. ಅವುಗಳಲ್ಲಿ ಎದೆಹಾಲನ್ನಷ್ಟೇ ಕುಡಿಯುತ್ತಿದ್ದವು 9, ಅಂದರೆ ಒಟ್ಟು ಶಿಶುಗಳ ಶೇ. 0.5. ಆ ಒಂಬತ್ತಕ್ಕೂ ಹುಟ್ಟಿದ ಮೊದಲ ದಿನಗಳಲ್ಲೇ ಆಸ್ಪತ್ರೆಯಲ್ಲಿ ಡಬ್ಬದ ಹಾಲು ಕುಡಿಸಲಾಗಿತ್ತು. ಎದೆಹಾಲು ಇಳಿಯುವ ತನಕ ಇರಲಿ ಎಂದು ನಮ್ಮಲ್ಲಿ ಕೂಸಿನ ಬಾಯಿಗೆ ನಾಲ್ಕು ಹನಿ ಹಸುವಿನ ಹಾಲು ಬಿಡುವವರು ಗಮನಿಸಬೇಕಾದ ಸಂಗತಿಯಿದು.

ಅಲರ್ಜಿ ಎರಡು ಬಗೆ. ಐಜಿಇ ಎಂಬ ಪ್ರತಿಕಾಯದಿಂದ ಬರುವ ಮೊದಲ ಬಗೆಯಲ್ಲಿ ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈಮೇಲೆ ಗಂಧೆ ಏಳುತ್ತದೆ, ತುಟಿ ಊದುತ್ತದೆ, ವಾಂತಿಯಾಗುತ್ತದೆ. ಉಸಿರಾಟಕ್ಕೆ ಕಷ್ಟವಾದರೆ ಅಥವಾ ಕೂಸು ಬಿಳಿಚಿಕೊಂಡು ನಿಶ್ಶಕ್ತವಾದರೆ ಅದು ತುರ್ತು ಪರಿಸ್ಥಿತಿ. ಎದೆಹಾಲಿನ ಮೂಲಕ ಹೀಗಾಗುವುದು ಅಪರೂಪ. ಕೂಸಿಗೆ ನೇರವಾಗಿ ಮೇಲುಹಾಲು ಕೊಟ್ಟಾಗಲೇ ಹೆಚ್ಚು. ಎದೆಹಾಲು ಕುಡಿಯುವ ಕೂಸುಗಳಲ್ಲಿ ಸಾಮಾನ್ಯವಾಗಿ ಕಾಣುವುದು ನಿಧಾನವಾಗಿ ತಲೆದೋರುವ ಎರಡನೆಯ ಬಗೆ. ಮಲದಲ್ಲಿ ಲೋಳೆ, ಅದರೊಡನೆ ಎಳೆಯಂತೆ ಅಥವಾ ಚುಕ್ಕಿಯಂತೆ ರಕ್ತ ಅದರ ಪ್ರಮುಖ ಲಕ್ಷಣ. ಇಷ್ಟಾದರೂ ಬಹಳಷ್ಟು ಕೂಸುಗಳು ಚೆನ್ನಾಗಿ ಹಾಲು ಕುಡಿದು ತೂಕ ಪಡೆಯುತ್ತಿರುತ್ತವೆ.

ರೋಗ ಗುರುತಿಸುವುದರಲ್ಲೇ ಹೆಚ್ಚು ತಪ್ಪುಗಳಾಗುತ್ತವೆ. ಮೊದಲ ಮೂರು ತಿಂಗಳಲ್ಲಿ ಸಂಜೆಯ ಹೊತ್ತು ರಚ್ಚೆ ಹಿಡಿಯುವುದು, ಕುಡಿದ ಹಾಲು ಕಕ್ಕುವುದು, ಒಮ್ಮೊಮ್ಮೆ ಹಸಿರು ಮಲ, ಮುಖದ ಮೇಲೆ ಗುಳ್ಳೆ ಇವೆಲ್ಲ ಆರೋಗ್ಯವಂತ ಕೂಸುಗಳಲ್ಲೂ ಕಾಣುತ್ತವೆ. ಇವನ್ನೇ ಅಲರ್ಜಿಯೆಂದು ತಿಳಿದರೆ ತಾಯಿಗೆ ವೃಥಾ ಪಥ್ಯ. ಇಂಗ್ಲೆಂಡಿನಲ್ಲಿ 2006ರಿಂದ 2016ರ ನಡುವೆ ಅಲರ್ಜಿ ಶಿಶುಗಳ ವಿಶೇಷ ಡಬ್ಬದ ಹಾಲಿಗೆ ಬರೆದ ವೈದ್ಯರ ಚೀಟಿಗಳು ಸುಮಾರು ಒಂದು ಲಕ್ಷದಿಂದ ಆರು ಲಕ್ಷಕ್ಕೆ ಏರಿದವು. ಅಲರ್ಜಿಯೇ ಅಷ್ಟು ಹೆಚ್ಚಿತೆಂಬುದಕ್ಕೆ ಆಧಾರ ಸಿಗಲಿಲ್ಲ. ರಕ್ತ ಕಂಡ ಮಾತ್ರಕ್ಕೆ ಅಲರ್ಜಿಯೆಂದೂ ಹೇಳಲಾಗದು. 2006ರ ಫಿನ್ಲೆಂಡಿನ ಅಧ್ಯಯನವೊಂದರಲ್ಲಿ ಮಲದಲ್ಲಿ ರಕ್ತ ಹೋಗುತ್ತಿದ್ದ 40 ಶಿಶುಗಳ ಪೈಕಿ ಹಾಲಿನ ಅಲರ್ಜಿ ಖಚಿತವಾದದ್ದು ಶೇ. 18ರಷ್ಟರಲ್ಲಿ. ಗುದದ್ವಾರದ ಸೀಳು, ಸೋಂಕು ಕೂಡ ಕಾರಣವಾಗಬಹುದು. ನಿಧಾನ ಬಗೆಯನ್ನು ಪತ್ತೆಹಚ್ಚುವ ರಕ್ತಪರೀಕ್ಷೆಯಿಲ್ಲ. ಐಜಿಇ ಪರೀಕ್ಷೆ, ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಗಳು ಮೊದಲ ಬಗೆಗೆ ಮಾತ್ರ.

ಹಾಗಾಗಿ ಉಳಿಯುವ ದಾರಿ ಬಿಟ್ಟು ನೋಡುವುದು, ಮತ್ತೆ ತಿಂದು ನೋಡುವುದು. ತಾಯಿ ಎರಡರಿಂದ ನಾಲ್ಕು ವಾರ ಹಾಲಿನ ಪದಾರ್ಥಗಳನ್ನು ಸಂಪೂರ್ಣ ಬಿಡುತ್ತಾಳೆ. ಲಕ್ಷಣಗಳು ತಗ್ಗದಿದ್ದರೆ ಹಾಲು ಕಾರಣವಲ್ಲ. ಅವಳು ಮೊದಲಿನ ಊಟಕ್ಕೆ ಮರಳಬೇಕು. ತಗ್ಗಿದರೆ ಮತ್ತೆ ಹಾಲು ಸೇವಿಸಿ ಒಂದು ವಾರ ನೋಡಬೇಕು. ಲಕ್ಷಣಗಳು ಮರುಕಳಿಸಿದರೆ ಮಾತ್ರ ಅಲರ್ಜಿ ಖಚಿತ. ‘ಹೇಗೋ ಸುಮ್ಮನಾಯಿತಲ್ಲ, ಮತ್ತೇಕೆ ಕೆಣಕುವುದು’ ಎಂದು ಈ ಎರಡನೆಯ ಹಂತವನ್ನು ಕೈಬಿಡುವವರೇ ಬಹಳ. ಆದರೆ ಆ ವಯಸ್ಸಿನ ಅಳು ವಾರಗಳುರುಳಿದಂತೆ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಪಥ್ಯಕ್ಕೆ ಬರುತ್ತದೆ. ಮೈ ಊದಿ ಉಸಿರುಕಟ್ಟಿದ ಇತಿಹಾಸವಿರುವ ಕೂಸಿಗೆ ಮಾತ್ರ ಈ ಪರೀಕ್ಷೆ ವೈದ್ಯರ ಕಣ್ಣೆದುರೇ ನಡೆಯಬೇಕು.

ಕರ್ನಾಟಕದ ಬಾಣಂತನದಲ್ಲಿ ಈ ಪಥ್ಯ ಸುಲಭವಲ್ಲ. ಹಾಲು ಕುಡಿದರೆ ಹಾಲು ಇಳಿಯುತ್ತದೆಂಬ ನಂಬಿಕೆಯಿಂದ ಬಾಣಂತಿಗೆ ಲೋಟಗಟ್ಟಲೆ ಹಾಲು ಕೊಡುತ್ತಾರೆ. ಅನ್ನಕ್ಕೆ ತುಪ್ಪ, ಉತ್ತರ ಕರ್ನಾಟಕದಲ್ಲಿ ತುಪ್ಪದಲ್ಲೇ ಕಟ್ಟಿದ ಅಂಟಿನ ಉಂಡೆ. ಎದೆಹಾಲು ಹೆಚ್ಚುವುದು ಕೂಸು ಎಷ್ಟು ಸಲ ಚೀಪುತ್ತದೆ, ಎದೆ ಎಷ್ಟು ಖಾಲಿಯಾಗುತ್ತದೆ ಎಂಬುದರ ಮೇಲೆ. ಹೆಪ್ಪು ಹಾಕಿದರೆ ಪ್ರೋಟೀನ್ ನಾಶವಾಗದ ಕಾರಣ ಮೊಸರು, ಮಜ್ಜಿಗೆಗೂ ವಿನಾಯಿತಿಯಿಲ್ಲ. ಎಮ್ಮೆ, ಆಡು, ಕುರಿಗಳ ಹಾಲಿನ ಪ್ರೋಟೀನ್ ಹಸುವಿನದಕ್ಕೆ ಬಹಳ ಹತ್ತಿರ. ಬದಲಿಯಾಗಿ ಅವು ಸಲ್ಲವು. ಹೆಚ್ಚು ಬೆಲೆಗೆ ಮಾರುವ ಎ2 ಹಾಲಿನಲ್ಲೂ ಅಲರ್ಜಿ ತರುವ ಪ್ರೋಟೀನುಗಳು ಇದ್ದೇ ಇವೆ. ತುಪ್ಪ ಬಹುಪಾಲು ಕೊಬ್ಬು; ಗಸಿ ಸೋಸಿದ ಮೇಲೂ ಪ್ರೋಟೀನಿನ ಅಂಶ ಉಳಿಯಬಹುದಾದ್ದರಿಂದ ಪರೀಕ್ಷೆಯ ವಾರಗಳಲ್ಲಿ ಅದನ್ನೂ ಬಿಡುವುದು ಲೇಸು. ಬ್ರೆಡ್ಡು, ಬಿಸ್ಕತ್ತು, ಬಾಣಂತಿಯರಿಗೆಂದು ತರುವ ಪುಷ್ಟಿಪುಡಿಗಳಲ್ಲಿ ಹಾಲಿನ ಪುಡಿ, ಕೇಸಿನೇಟ್, ವೇ ಅಡಗಿರುತ್ತವೆ. 2020ರ ಆಹಾರ ಲೇಬಲ್ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ಹಾಲಿನ ಅಂಶ ನಮೂದಿಸುವುದು ಕಡ್ಡಾಯ. ಬೇಕರಿಯ ಬಿಡಿ ತಿನಿಸಿಗಾದರೆ ಕೇಳಿ ತಿಳಿಯುವುದೊಂದೇ ಉಪಾಯ.

ತಾಯಿಯ ಪೋಷಣೆಯ ಮಾತು ಇದರಷ್ಟೇ ಮುಖ್ಯ, ಆದರೆ ಹೆಚ್ಚು ಉಪೇಕ್ಷಿತ. ಹಾಲೂಡಿಸುವ ತಾಯಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಎಳ್ಳು, ನುಗ್ಗೆಸೊಪ್ಪು, ಮುಳ್ಳುಸಹಿತ ತಿನ್ನುವ ಸಣ್ಣ ಮೀನುಗಳಲ್ಲೂ ಇದೆ. ಆದರೂ ರಾಗಿಯ ಕ್ಯಾಲ್ಸಿಯಂ ಎಲ್ಲವೂ ಮೈಗೆ ಹತ್ತುವುದಿಲ್ಲ. ರಾಗಿಮುದ್ದೆಯೊಂದನ್ನೇ ನಂಬದೆ ಕ್ಯಾಲ್ಸಿಯಂ, ಡಿ ವಿಟಮಿನ್ ಮಾತ್ರೆಗಳನ್ನು ವೈದ್ಯರಿಂದ ಬರೆಸಿಕೊಳ್ಳಬೇಕು. ಸಸ್ಯಾಹಾರಿ ಮನೆಗಳಲ್ಲಿ ಇನ್ನೊಂದು ಅಪಾಯವಿದೆ: ಅಲ್ಲಿ ಬಿ12 ವಿಟಮಿನ್‌ಗೆ ಹಾಲು ಮೊಸರೇ ಮುಖ್ಯ ಮೂಲ. ತಾಯಿಯಲ್ಲಿ ಅದು ಬತ್ತಿದರೆ ಎದೆಹಾಲಲ್ಲೂ ಕಡಿಮೆಯಾಗಿ, ಕೂಸಿನಲ್ಲಿ ರಕ್ತಹೀನತೆ, ಬೆಳವಣಿಗೆಯ ಹಿನ್ನಡೆ, ನಡುಕ ಕಾಣಿಸಬಹುದು. ಸೌಮ್ಯ ಅಲರ್ಜಿಗಿಂತ ಇದು ಎಷ್ಟೋ ಗಂಭೀರ. ಹಾಲು ಬಿಟ್ಟ ಸಸ್ಯಾಹಾರಿ ತಾಯಿ ಬಿ12 ತೆಗೆದುಕೊಳ್ಳಲೇಬೇಕು. ಹಾಲಿನ ಜೊತೆಗೆ ಮೊಟ್ಟೆ, ಗೋಧಿ, ಕಡಲೆಕಾಯಿ, ಬೇಳೆಗಳನ್ನೂ ಒಟ್ಟಿಗೆ ಬಿಡಿಸುವ ಸಲಹೆಗೆ ಕಿವಿಗೊಡಬಾರದು. ಕಾರಣ ಯಾವುದೆಂದು ತಿಳಿಯುವುದಿಲ್ಲ, ಬಾಣಂತಿ ಸೊರಗುತ್ತಾಳೆ. ಹಾಲು ಬಿಟ್ಟರೂ ರಕ್ತ ನಿಲ್ಲದಿದ್ದಾಗ ಸೋಯಾ ಬಿಟ್ಟು ನೋಡುವುದುಂಟು, ಅದೂ ವೈದ್ಯರ ಸಲಹೆಯ ಮೇರೆಗೆ.

ಮೇಲುಹಾಲು ಅನಿವಾರ್ಯವಾದರೆ ಪ್ರೋಟೀನನ್ನು ಚೂರುಚೂರಾಗಿ ಒಡೆದು ತಯಾರಿಸಿದ ಡಬ್ಬದ ಹಾಲನ್ನು, ತೀವ್ರ ಸ್ಥಿತಿಯಲ್ಲಿ ಅಮೈನೋ ಆಮ್ಲದ ಹಾಲನ್ನು ವೈದ್ಯರು ಸೂಚಿಸುತ್ತಾರೆ. ಇವೆರಡೂ ದುಬಾರಿ. ಶಿಶು ಹಾಲಿನ ಬದಲಿಗಳ ಜಾಹೀರಾತು ಮತ್ತು ಉಚಿತ ಹಂಚಿಕೆಯನ್ನು ಭಾರತದಲ್ಲಿ 1992ರ ಕಾಯ್ದೆ ನಿಷೇಧಿಸಿದೆ.

ಆರು ತಿಂಗಳಿಗೆ ಅನ್ನಪ್ರಾಶನವಾಗುವಾಗ ಹಾಲಿನ ಪಾಯಸದ ಬದಲು ಬೆಲ್ಲ, ತೆಂಗಿನಹಾಲಿನ ಪಾಯಸ ಆಗಬಹುದು. ಸೌಮ್ಯವಾದ ನಿಧಾನ ಬಗೆಯಲ್ಲಿ ಕನಿಷ್ಠ ಆರು ತಿಂಗಳು ಪಥ್ಯ ನಡೆಸಿ, 9ರಿಂದ 12 ತಿಂಗಳ ವಯಸ್ಸಿನಲ್ಲಿ ಮರುಪರೀಕ್ಷೆ ಮಾಡುವುದು ವಾಡಿಕೆ. ಬಹಳ ಹೊತ್ತು ಬೇಯಿಸಿದ ಹಾಲಿನ ಪ್ರೋಟೀನನ್ನು ಅನೇಕ ಮಕ್ಕಳು ಬೇಗ ಸಹಿಸಿಕೊಳ್ಳುವುದರಿಂದ ಬಿಸ್ಕತ್ತಿನ ಚೂರಿನಿಂದ ಆರಂಭಿಸಿ, ಮೆಟ್ಟಿಲು ಮೆಟ್ಟಿಲಾಗಿ ಬರಿಯ ಹಾಲಿನವರೆಗೆ ಹೋಗುತ್ತಾರೆ. ಓಡೆನ್ಸೆಯ ಮಕ್ಕಳಲ್ಲಿ ಶೇ. 56ರಷ್ಟು ಮೊದಲ ವರ್ಷಕ್ಕೆ, ಶೇ. 77ರಷ್ಟು ಎರಡನೆಯ ವರ್ಷಕ್ಕೆ, ಶೇ. 87ರಷ್ಟು ಮೂರನೆಯ ವರ್ಷಕ್ಕೆ ಹಸುವಿನ ಹಾಲನ್ನು ತೊಂದರೆಯಿಲ್ಲದೆ ಕುಡಿಯುವಂತಾದರು.