ಬೇಗಂಪೇಟೆಯ ಎಡಗಡೆ ಸೀಟು

ಹೈದರಾಬಾದಿನಲ್ಲಿ ಕೆಲಸ ಮಾಡೋ ನಮ್ಮವರಿಗೆ ಬೇಗಂಪೇಟೆ ಅಂದ್ರೆ ಮೊದಲು ನೆನಪಾಗೋದು ಟ್ರಾಫಿಕ್ಕು. ಆದರೆ 2008ರ ಮಾರ್ಚ್‌ನಲ್ಲಿ ಶಂಷಾಬಾದ್ ಶುರುವಾಗೋವರೆಗೂ ಈ ಊರಿನ ವಿಮಾನ ನಿಲ್ದಾಣ ಇದೇ. ನಮ್ಮ ಬೀದರ್, ಕಲಬುರಗಿ, ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲಕ್ಕೆ ಇದು ನಮ್ಮ ರಾಜಧಾನಿಯ ವಿಮಾನ ನಿಲ್ದಾಣವೂ ಹೌದು. ಇವತ್ತಿನ ಕಥೆ ಇಲ್ಲಿ ಕೆಲಸ ಸಿಕ್ಕ ಒಬ್ಬ ಪೈಲಟ್‌ದು: ಪ್ರೇಮ್ ಮಾಥುರ್.

1936ರಲ್ಲಿ ಲಾಹೋರಿನಲ್ಲಿ ಸರಳಾ ಥಕ್ರಾಲ್ 'ಎ' ಲೈಸೆನ್ಸ್ ಪಡೆದರು. ಅದು ಸ್ವಂತಕ್ಕೆ ಹಾರಿಸೋಕೆ ಮಾತ್ರ. ಸಂಬಳ ತಗೊಂಡು ಪ್ರಯಾಣಿಕರನ್ನು ಕರೆದೊಯ್ಯಬೇಕಂದ್ರೆ ಕಮರ್ಷಿಯಲ್ ಲೈಸೆನ್ಸ್ ಬೇಕು. ಅಲಹಾಬಾದಿನ ಫ್ಲೈಯಿಂಗ್ ಕ್ಲಬ್‌ನಲ್ಲಿ ಕಲಿತ ಪ್ರೇಮ್, 1947ರಲ್ಲಿ ಅದನ್ನು ಗಿಟ್ಟಿಸಿದರು.

ಈ ಪರೀಕ್ಷೆ ಬರೀ ಪುಸ್ತಕ ಓದಿ ಪಾಸಾಗೋದಲ್ಲ. ಇವತ್ತಿನ ನಿಯಮವನ್ನೇ ನೋಡಿ: 200 ಗಂಟೆ ಹಾರಾಟ, ಅದರಲ್ಲಿ 100 ಗಂಟೆ ವಿಮಾನದ ಹೊಣೆ ನಿಮ್ಮದೇ. ಹವಾಮಾನ, ದಿಕ್ಕು-ದಾರಿ, ಕಾನೂನು, ಯಂತ್ರ, ಇವುಗಳ ಲಿಖಿತ ಪರೀಕ್ಷೆ ಬೇರೆ. ಕೊನೆಗೆ ಪರೀಕ್ಷಕರು ಪಕ್ಕದಲ್ಲಿ ಕೂತು, ಎಂಜಿನ್ ಶಕ್ತಿ ತಗ್ಗಿಸಿ, "ಎಂಜಿನ್ ಕೈಕೊಟ್ಟಿದೆ, ಈಗೇನ್ಮಾಡ್ತೀರಿ?" ಅನ್ನೋ ಪರಿಸ್ಥಿತಿ ತಂದಿಡ್ತಾರೆ. ಆಗ ಗಾಳಿ ನೋಡಬೇಕು, ಇಳಿಯೋಕೆ ಬಯಲು ಹುಡುಕಬೇಕು, ವೇಗ ಕಾಯ್ದುಕೊಳ್ಳಬೇಕು. ಕೂತಿರೋರು ಹೆಣ್ಣೋ ಗಂಡೋ ಅಂತ ವಿಮಾನ ಕೇಳೋದಿಲ್ಲ.

ಕಂಪನಿಗಳು ಕೇಳಿದವು. ಎಂಟು ಕಡೆ ಪ್ರೇಮ್‌ಗೆ 'ಆಗಲ್ಲ' ಅನ್ನೋ ಉತ್ತರವೇ ಬಂತು. ಒಪ್ಪಿಕೊಂಡಿದ್ದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್. ನಿಜಾಮರ ಸರ್ಕಾರ ಮತ್ತು ಟಾಟಾ 1945ರಲ್ಲಿ ಸೇರಿ ಕಟ್ಟಿದ ಕಂಪನಿ ಅದು. ಹೀಗೆ ಅವರು ಭಾರತದ ಮೊದಲ ಮಹಿಳಾ ವಾಣಿಜ್ಯ ಪೈಲಟ್ ಆದರು.

ಆದರೆ ಕೊಟ್ಟಿದ್ದು ಸಹಪೈಲಟ್ ಕೆಲಸ, ಅಂದ್ರೆ ಬಲಗಡೆ ಸೀಟು. ಎಡಗಡೆ ಸೀಟು ಕ್ಯಾಪ್ಟನ್‌ದು. 1949ರಲ್ಲಿ ಪ್ರೇಮ್ ರಾಷ್ಟ್ರೀಯ ಏರ್ ರೇಸ್ ಗೆದ್ದರು. ಕ್ಯಾಪ್ಟನ್ ಆಗೋಕೆ ಬೇಕಾದಷ್ಟು ಗಂಟೆಗಳ ಹಾರಾಟವನ್ನೂ ಮುಗಿಸಿದರು. ಆದರೂ ಕಂಪನಿ ಪೂರ್ತಿ ಹೊಣೆ ಕೊಡಲಿಲ್ಲ. ಅವರು ಕೆಲಸ ಬಿಟ್ಟರು, ಜಿ.ಡಿ. ಬಿರ್ಲಾ ಅವರ ವಿಮಾನ ಹಾರಿಸಿದರು, 1953ರಲ್ಲಿ ಇಂಡಿಯನ್ ಏರ್‌ಲೈನ್ಸ್ ಸೇರಿದರು. ಅದೇ ವರ್ಷ ರಾಷ್ಟ್ರೀಕರಣವಾಗಿ ಡೆಕ್ಕನ್ ಏರ್‌ವೇಸ್ ಕೂಡ ಅದೇ ಸಂಸ್ಥೆಯೊಳಗೆ ಸೇರಿಹೋಯ್ತು.

ಇವತ್ತು ಭಾರತದ ಪೈಲಟ್‌ಗಳಲ್ಲಿ ಸುಮಾರು ಶೇ 15 ಮಹಿಳೆಯರು. ಜಗತ್ತಿನ ಸರಾಸರಿಗಿಂತ ಇದು ಎಷ್ಟೋ ಹೆಚ್ಚು. ಆ ಬಾಗಿಲು ಮೊದಲು ತೆರೆದಿದ್ದು ಡೆಕ್ಕನ್ ಏರ್‌ವೇಸ್, ಅದನ್ನು ಮರೆಯೋ ಹಾಗಿಲ್ಲ. ಅರ್ಧಕ್ಕೇ ನಿಲ್ಲಿಸಿದ್ದೂ ಅವರೇ. ಸರ್ಟಿಫಿಕೇಟ್ ಕೈಯಲ್ಲಿ ಹಿಡ್ಕೊಂಡು ವರ್ಷಗಟ್ಟಲೆ ಬಲಗಡೆ ಸೀಟಿನಲ್ಲೇ ಕೂತಿರೋರು ನಿಮ್ಮ ಟೀಮ್‌ನಲ್ಲೂ ಇರಬಹುದು. ಪರೀಕ್ಷೆ ಅವರು ಪಾಸಾಗಿದ್ದಾರೆ. ಸೀಟು ಬಿಟ್ಟುಕೊಡಬೇಕಾದೋರು ನಾವು.