ಎಳೆ ಮುಗಿಯೋ ಜಾಗ | ಭಾಗ 4: ಇಳಕಲ್ ಕೊಂಡಿ ಮತ್ತು ನಮ್ಮ ಮಫ್ಲರಿನ ತೂತು

ಕತ್ತಿಗೆ ಸುತ್ತಿ, ಒಂದು ತುದಿಯನ್ನ ಇನ್ನೊಂದು ತುದಿಯ ತೂತಲ್ಲಿ ತೂರಿಸೋ ಮಫ್ಲರ್ ಇದೆಯಲ್ಲ, ಹಾಸ್ಟೆಲ್‌ನಲ್ಲಿ ಈಗ ಎಲ್ಲರೂ ಹೆಣೀತಿರೋದು ಅದನ್ನೇ. ತೂತು ಬಿಡೋದು ಸುಲಭ ಅನ್ಸುತ್ತೆ. ನಡುವೆ ಹನ್ನೆರಡು ಕುಣಿಕೆ ಬೈಂಡ್ ಆಫ್ ಮಾಡಿ, ಮುಂದಿನ ಸಾಲಲ್ಲಿ ಅಷ್ಟೇ ಕಾಸ್ಟ್ ಆನ್ ಮಾಡಿದ್ರೆ ಆಯ್ತು. ಆದ್ರೆ ಮುಚ್ಚಿದ ಅಂಚು ಬಿಗಿ, ಹೊಸದಾಗಿ ಹಾಕಿದ್ದು ಸಡಿಲ. ನಾಲ್ಕು ದಿನ ಹಾಕ್ಕೊಂಡ್ರೆ ತೂತಿನ ಬಾಯಿ ಸೊಟ್ಟ!

ಒಂದು ಕಡೆ ಎಳೆ ಮುಗಿಸಿ ಇನ್ನೊಂದನ್ನ ಶುರು ಮಾಡೋ ಈ ತಲೆನೋವು ಬಾಗಲಕೋಟೆ ಜಿಲ್ಲೆಯ ಇಳಕಲ್‌ನ ನೇಕಾರರಿಗೆ ಹಳೇ ಪರಿಚಯ. ಅಂಬ್ಲಿಗೊಳದಲ್ಲಿ ನಮ್ಮಜ್ಜಿಯ ಟ್ರಂಕಿನಲ್ಲಿರೋ ಇಳಕಲ್ ಸೀರೆ ಬಿಡಿಸಿದ್ರೆ ಮೈಯೆಲ್ಲ ಕಡುನೀಲಿ ಹತ್ತಿ, ಸೆರಗು ಮಾತ್ರ ಕೆಂಪು ರೇಷ್ಮೆ. ಬರೀ ಅಡ್ಡ ಎಳೆ, ಅಂದ್ರೆ ಹೊಕ್ಕು ಕೆಂಪು ಮಾಡಿದ್ರೆ ಸಾಲಲ್ಲ ನೋಡಿ, ಕೆಳಗಿನ ನೀಲಿ ಹಾಸು ಇಣುಕಿ ಬಣ್ಣ ಮಂಕಾಗುತ್ತೆ. ಸೆರಗು ಅಪ್ಪಟ ಕೆಂಪಾಗಬೇಕಂದ್ರೆ ಉದ್ದದ ಎಳೆಗಳನ್ನೂ ಅಲ್ಲೇ ಬದಲಾಯಿಸಬೇಕು.

ಹಾಗಾಗಿ ಮೈಗೊಂದು ಹಾಸು, ಸೆರಗಿಗೆ ಇನ್ನೊಂದು ಹಾಸು ಬೇರೆ ಬೇರೆ ತಯಾರಾಗುತ್ತೆ. ಆಮೇಲೆ ಇದರ ಕುಣಿಕೆಯೊಳಗೆ ಅದರ ಕುಣಿಕೆ ಸಿಕ್ಕಿಸ್ತಾ ಹೋಗೋದು. ಇದೇ ಕೊಂಡಿ. ಹೀಗೆ ಜೋಡಿಸಿದ ಸೆರಗಿಗೆ ಟೋಪ್ ತೆನಿ ಸೆರಗು ಅಂತಾರೆ. ಒಂದೊಂದು ಸೀರೆಗೂ ಹೊಸದಾಗಿ ಹಾಸು ಹೂಡಬೇಕು, ಹೊಸದಾಗಿ ಕೊಂಡಿ ಹಾಕಬೇಕು.

ಈಗ ಬಿಕಾಂನವರೇ, ಇದನ್ನ ಕಾಸ್ಟ್ ಶೀಟಿನಲ್ಲಿ ಎಲ್ಲಿ ಬರೀತೀರಿ? ಡೈರೆಕ್ಟ್ ಲೇಬರ್, ಸರಿ. ಆದ್ರೆ ಎಷ್ಟೋ ನೇಕಾರರ ಮನೆಗಳಲ್ಲಿ ಮಗ್ಗಕ್ಕೆ ಮುಂಚಿನ ಕೆಲಸ ಹೆಂಗಸರದ್ದು, ಅದಕ್ಕೆ ಬೇರೆ ಕೂಲಿ ಅಂತ ಯಾರೂ ಎಣಿಸಲ್ಲ. ಪವರ್‌ಲೂಮ್‌ಗೆ ಈ ರಗಳೆಯೇ ಇಲ್ಲ. ಉದ್ದಕ್ಕೆ ಒಂದೇ ಹಾಸು, ಸೆರಗಿನ ಹತ್ರ ಹೊಕ್ಕಿನ ಬಣ್ಣ ಬದಲಿಸಿದ್ರೆ ಮುಗೀತು. 1985ರ ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನ ಕೈಮಗ್ಗಕ್ಕೇ ಮೀಸಲಿಟ್ಟಿದೆ, ಪಟ್ಟಿಯಲ್ಲಿ ಸೀರೆಯೂ ಇದೆ. ಇಳಕಲ್‌ಗೆ ಜಿಐ ಟ್ಯಾಗೂ ಇದೆ. ಆದ್ರೂ ಆನ್‌ಲೈನಲ್ಲಿ ‘ಇಳಕಲ್’ ಅಂತ ಹುಡುಕಿ ನೋಡಿ ಮಾರಾಯ್ರೇ, ಕೊಂಡಿಯೇ ಇಲ್ಲದ ಸೀರೆ ಎಷ್ಟು ಬೇಕು ನಿಮಗೆ!

ಹೆಣಿಗೆಯಲ್ಲೂ ಕೊಂಡಿಯ ಸೋದರಸಂಬಂಧಿ ಒಂದಿದೆ, ಕಿಚನರ್ ಸ್ಟಿಚ್. ಎರಡು ಕಡ್ಡಿಯ ಮೇಲಿರೋ ಮುಚ್ಚದ ಕುಣಿಕೆಗಳನ್ನ ಸೂಜಿಯಿಂದ ಸೇರಿಸಿಬಿಟ್ರೆ ಅಂಚೇ ಕಾಣಲ್ಲ. ಹೆಸರು ಬ್ರಿಟಿಷ್ ಸೇನಾಧಿಕಾರಿ ಕಿಚನರ್‌ದು. 1902ರಿಂದ 1909ರವರೆಗೆ ಇಲ್ಲೇ ಭಾರತದಲ್ಲಿ ದಂಡನಾಯಕ ಆಗಿದ್ದವನು. ಮೊದಲ ಮಹಾಯುದ್ಧದ ಸೈನಿಕರ ಕಾಲುಚೀಲಕ್ಕೆ ಅವನೇ ಈ ಹೊಲಿಗೆ ಹೇಳಿಕೊಟ್ಟ ಅನ್ನೋದು ಕಥೆ. ನಾನಂತೂ ನಂಬಲ್ಲ, ಹೆಣೆದ ಹೆಂಗಸರ ಹೆಸರು ಯಾರಿಗೆ ನೆನಪಿರುತ್ತೆ ಹೇಳಿ.

ಮಫ್ಲರಿಗೆ ನನ್ನ ಆಯ್ಕೆ ಉದ್ದ ಸೀಳು. ಕುಣಿಕೆಗಳನ್ನ ಎರಡು ಪಾಲು ಮಾಡಿ, ಎರಡು ಉಂಡೆ ಉಣ್ಣೆಯಿಂದ ಬೇರೆ ಬೇರೆ ಹೆಣೆದು, ನಾಲ್ಕು ಬೆರಳು ಉದ್ದ ಆದ್ಮೇಲೆ ಮತ್ತೆ ಒಂದೇ ಎಳೆಯಲ್ಲಿ ಮುಂದುವರಿಸಿ. ಮುಚ್ಚೋದೂ ಇಲ್ಲ, ಹೊಸದಾಗಿ ಹಾಕೋದೂ ಇಲ್ಲ. ಅಡ್ಡ ತೂತೇ ಬೇಕು ಅಂದ್ರೆ ಕೇಬಲ್ ಕಾಸ್ಟ್ ಆನ್ ಮಾಡಿ, ಅದರ ಅಂಚು ಗಟ್ಟಿ. ಬೈಂಡ್ ಆಫ್ ಮಾಡೋವಾಗ ಕೈ ಸ್ವಲ್ಪ ಸಡಿಲ ಬಿಡಿ. ದುಡ್ಡಿಗೆ ಹೆಣೆದು ಕೊಡೋರು ತೂತಿಗೆ ಹಿಡಿದ ಹೊತ್ತನ್ನೂ ಬಿಲ್ಲಿಗೆ ಸೇರಿಸಿ.

ಮನೇಲಿ ಇಳಕಲ್ ಇದ್ರೆ ಸೆರಗು ಶುರುವಾಗೋ ಜಾಗ ಮಗುಚಿ ನೋಡಿ. ಉದ್ದದ ಎಳೆಗಳ ಬಣ್ಣವೂ ಅಲ್ಲೇ ಬದಲಾಗಿ, ಕೊಂಡಿಗಳ ಸಾಲು ಕಂಡ್ರೆ ಫೋಟೋ ಕಳಿಸಿ, ಅಜ್ಜಿ ಸೀರೆ ಪಕ್ಕ ಹಾಕ್ತೀನಿ.